ಐದನೇ ತಿಂಗಳಲ್ಲಿ ಅಬಾರ್ಷನ್: ಗರ್ಭಕೋಶದ ಬಾಯಿ ಹೇಗೆ ಮೆತ್ತಗೆ ಮಾಡ್ತಾರೆ

ಮಗೂಗೆ ದೊಡ್ಡ ತೊಂದ್ರೆ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗೋದೇ 18-20 ವಾರದ ಅನಾಮಲಿ ಸ್ಕ್ಯಾನಲ್ಲಿ. ಆ ಹೊತ್ತಿಗೆ ಗರ್ಭಕೋಶದ ಬಾಯಿ ಗಟ್ಟಿಯಾಗಿ ಮುಚ್ಚಿರುತ್ತೆ, ಅದು ಮೆತ್ತಗಾಗಿ ತೆರ್ಕೊಳ್ದೆ ನೋವು ಮಾತ್ರ ಬಂದ್ರೆ ತುಂಬಾ ಹೊತ್ತು ಒದ್ದಾಡ್ಬೇಕಾಗುತ್ತೆ.

ಸಾಮಾನ್ಯವಾಗಿ ಮೊದ್ಲು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಒಂದು ಮಾತ್ರೆ ನುಂಗೋಕೆ ಕೊಡ್ತಾರೆ. ಇದು ಗರ್ಭ ಉಳಿಸೋ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸ ತಡೆದು ಗರ್ಭಕೋಶದ ಬಾಯಿನ ಮೆತ್ತಗೆ ಮಾಡುತ್ತೆ, ಅದಕ್ಕೆ 24ರಿಂದ 48 ಗಂಟೆ ಬೇಕು. ಏನೂ ಆಗ್ತಿಲ್ವಲ್ಲ ಅಂತ ಗಾಬರಿ ಬೇಡ, ಡಾಕ್ಟರ್‌ಗೆ ಬೇಗ ಮುಗಿಸಿ ಅಂತ ಒತ್ತಾಯನೂ ಮಾಡ್ಬೇಡಿ, ಈ ಕಾಯೋದ್ರಿಂದಾನೇ ಆಮೇಲಿನ ನೋವಿನ ಹೊತ್ತು ಕಮ್ಮಿ ಆಗೋದು. ಆಮೇಲೆ ಅಡ್ಮಿಟ್ ಮಾಡ್ಕೊಂಡು ನೋವು ಬರಿಸೋ ಮಿಸೊಪ್ರೊಸ್ಟಾಲ್ ಮಾತ್ರೆ 400 ಮೈಕ್ರೋಗ್ರಾಂ 3 ಗಂಟೆಗೊಂದ್ಸಲ, ನಾಲಿಗೆ ಕೆಳಗೋ ಕೆನ್ನೆ ಒಳಗೋ ಯೋನಿಯಲ್ಲೋ ಇಡ್ತಾರೆ, ಅದ್ರಿಂದ ಚಳಿ, ಜ್ವರ, ಭೇದಿ ಬರ್ಬಹುದು. ನೋವಿನ ಮಾತ್ರೆ ಅಥ್ವಾ ಇಂಜೆಕ್ಷನ್ ಬೇಕು ಅಂತ ಬಾಯ್ಬಿಟ್ಟು ಕೇಳಿ, ತಡ್ಕೊಳ್ಬೇಕು ಅನ್ನೋ ರೂಲೇನೂ ಇಲ್ಲ.

ಬಾಯಿ ತೆರೆಸೋಕೆ ಇನ್ನೊಂದು ದಾರಿ ಲ್ಯಾಮಿನೇರಿಯಾ ಕಡ್ಡಿ. ಇದು ಸಮುದ್ರದ ಪಾಚಿಯಿಂದ ಮಾಡಿದ್ದು, ಒಳಗಿನ ತೇವ ಹೀರ್ಕೊಂಡು ನಿಧಾನಕ್ಕೆ ಊದಿ ಬಾಯಿ ಅಗಲಿಸುತ್ತೆ. ಇದು ಹೆಚ್ಚು ಉಪಯೋಗಕ್ಕೆ ಬರೋದು ಆಪರೇಷನ್ ಮಾಡಿ ತೆಗೆಯೋವಾಗ, ಮಾತ್ರೆ ವಿಧಾನಕ್ಕೆ ಅಷ್ಟು ಲಾಭ ಇಲ್ಲ. ಕೆಲವು ಕಡೆ ಫೋಲೀಸ್ ಕ್ಯಾಥೆಟರ್ ಅಂತ ತುದೀಲಿ ಬಲೂನ್ ಇರೋ ಮೆತ್ತನೆ ಟ್ಯೂಬ್ ಹಾಕಿ ಅದರ ಬಲೂನಿಗೆ ನೀರು ತುಂಬಿಸ್ತಾರೆ, ಆ ಒತ್ತಡಕ್ಕೇ ಬಾಯಿ ತೆರ್ಕೊಳ್ಳುತ್ತೆ.

ಮುಂಚೆ ಸಿಜೇರಿಯನ್ ಆಗಿದ್ರೆ ಮೊದಲನೇ ಮಾತಲ್ಲೇ ಹೇಳ್ಬಿಡಿ. ಅಪರೂಪಕ್ಕೆ ಹಳೇ ಹೊಲಿಗೆ ಬಿಚ್ಕೊಂಡು ಗರ್ಭಕೋಶ ಒಡೆಯೋ ಅಪಾಯ ಇರುತ್ತೆ, ಡೋಸ್ ನೋಡ್ಕೊಂಡು ಕೊಡ್ತಾರೆ. ಅದಕ್ಕೇ ಮೆಡಿಕಲ್ ಶಾಪಿಂದ ಅಬಾರ್ಷನ್ ಮಾತ್ರೆ ಕಿಟ್ ತಂದು ಮನೇಲಿ ತಗೊಳ್ಳೋ ಕೆಲಸ ದಯವಿಟ್ಟು ಮಾಡ್ಬೇಡಿ, ಆ ಕಿಟ್ ಇರೋದು 9 ವಾರದೊಳಗಿನವ್ರಿಗೆ. ಬ್ಲಡ್ ಗ್ರೂಪ್ ನೆಗೆಟಿವ್ ಇದ್ರೆ, ಮುಂದಿನ ಗರ್ಭಕ್ಕೆ ತೊಂದ್ರೆ ಆಗ್ದಿರ್ಲಿ ಅಂತ ಕೊಡೋ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಕೇಳಿ.

ನಮ್ಮ ದೇಶದ ಗರ್ಭಪಾತ ಕಾನೂನಿನ 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ರು ಡಾಕ್ಟರ್ ಅಭಿಪ್ರಾಯ ಸಾಕು, 24ರವರೆಗೆ ಕಾನೂನು ಹೇಳಿರೋ ಕಾರಣಗಳಿಗೆ ಇಬ್ರದ್ದು ಬೇಕು, ಅದು ದಾಟಿದ್ಮೇಲೆ ಮಗುವಿನ ದೊಡ್ಡ ದೋಷಕ್ಕೆ ಮೆಡಿಕಲ್ ಬೋರ್ಡ್ ಒಪ್ಪಿಗೆ ಬೇಕು. 18 ತುಂಬಿದ್ರೆ ನಿಮ್ಮ ಸಹಿ ಸಾಕು, ಗಂಡನ ಸಹಿ ಕಾನೂನು ಕೇಳಲ್ಲ.

ಮನೆಗೆ ಬಂದ್ಮೇಲೆ ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು ಹಾಗೇ ಎರಡು ಗಂಟೆ ಮುಂದುವರಿದ್ರೆ, ಜ್ವರ ಇಳೀದಿದ್ರೆ, ಕೆಳಗೆ ಹೋಗೋ ಸ್ರಾವ ಕೆಟ್ಟ ವಾಸನೆ ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು, ಕೆಲವು ದಿನಕ್ಕೆ ಎದೇಲಿ ಹಾಲು ಬರ್ಬಹುದು, ಯಾರೂ ಮುಂಚೆ ಹೇಳಿರಲ್ಲ, ಅದಾದಾಗ ಮನಸ್ಸು ತುಂಬಾ ಕುಗ್ಗುತ್ತೆ. ಹಿಂಡ್ತಾ ಕೂರ್ಬೇಡಿ, ಒಳ್ಳೇ ಸಪೋರ್ಟ್ ಇರೋ ಬ್ರಾ ಹಾಕ್ಕೊಳ್ಳಿ, ಹಾಲು ನಿಲ್ಲಿಸೋ ಮಾತ್ರೆ ಇದೆ, ಡಿಸ್ಚಾರ್ಜ್ ಆಗೋಕ್ ಮುಂಚೇನೇ ಡಾಕ್ಟರ್ ಹತ್ರ ಕೇಳಿಟ್ಕೊಳ್ಳಿ.