ಮಾನಸಿಕ ಆರೋಗ್ಯಕ್ಕೆ ಸಿಎಸ್ಆರ್ ದುಡ್ಡು ಸಿಗಲ್ಲ ಅಂದವರಿಗೆ

ಮಾನಸಿಕ ಕಾಯಿಲೆಯವರ ಚಿಕಿತ್ಸೆಗೆ ನೆರವಾಗುವ ನಮ್ಮ ಟ್ರಸ್ಟ್‌ಗೆ ಎರಡನೇ ವರ್ಷದ ಸಿಎಸ್ಆರ್ ಹಣವೂ (ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ಕೊಡಬೇಕಾದ ಪಾಲು) ಬಂತು. ಹುಚ್ಚು ಬಿಡಿಸೋಕೆ ಯಾರು ದುಡ್ಡು ಕೊಡ್ತಾರೆ, ಶಾಲೆಗೆ ಬೆಂಚು ಕೊಡಿಸುವ ಕೆಲಸ ಹಿಡೀರಿ ಅಂತ ಬುದ್ಧಿ ಹೇಳಿದವರೇ ಈಗ ಬಜೆಟ್ ಶೀಟ್ ಕಳಿಸಿ ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. 12ಎ, 80ಜಿ, ಸಿಎಸ್ಆರ್-1 ಅಂತ ತೆರಿಗೆ ವಿನಾಯಿತಿಗೆ, ಸಿಎಸ್ಆರ್ ಹಣ ಪಡೆಯೋಕೆ ಬೇಕಾದ ನೋಂದಣಿಗಳೆಲ್ಲ ನಿಮ್ಮ ಹತ್ತಿರ ಇರುತ್ತೆ, ಆ ಕಥೆ ಬೇಡ.

ಮೊದಲು ಬೆಂಗಳೂರಿನ ದೊಡ್ಡ ಫೌಂಡೇಶನ್‌ಗಳಿಗೇ ಬರೆಯುತ್ತಿದ್ದೆವು. ನಲವತ್ತು ಪುಟದ ಪ್ರಪೋಸಲ್, ಅದರಲ್ಲಿ ನಿಮ್ಹಾನ್ಸ್ 2015-16ರಲ್ಲಿ ಮಾಡಿದ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿಗಳು. ಓದಿದವರು ಹೊಗಳಿದರು, ದುಡ್ಡು ಬರಲಿಲ್ಲ. ಒಂದು ಕಂಪನಿ ಒಪ್ಪಿಯೂ ಆಗಿತ್ತು. ಆಮೇಲೆ ರೋಗಿಗಳನ್ನು ಬ್ಯಾನರ್ ಮುಂದೆ ನಿಲ್ಲಿಸಿ, ಪೇಪರಿಗೆ ಫೋಟೋ ಹಾಕಿಸಿ ಅಂದರು. ಒಪ್ಪಿಗೆ ಇಲ್ಲದೆ ಕೊಡುವ ಹಾಗಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಸೆಕ್ಷನ್ ತೋರಿಸಿದೆ. ಆರೇಳು ಲಕ್ಷ ಹೋಯಿತು. ಹೋಗಲಿ.

ಕೊನೆಗೆ ಫಲ ಕೊಟ್ಟದ್ದು ಲೆಕ್ಕ. ಜಾಗೃತಿ, ಶಿಬಿರ ಎಲ್ಲ ತೆಗೆದುಹಾಕಿ, ಒಬ್ಬರಿಗೆ ತಿಂಗಳಿಗೆ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರೆದೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ನಲ್ಲಿ (ಸರ್ಕಾರದ ಮಾನಸಿಕ ಚಿಕಿತ್ಸಾ ಕ್ಲಿನಿಕ್) ಮಾತ್ರೆ ಪುಕ್ಕಟೆ. ನಮಗೆ ಬೀಳುವುದು ಮನೆ ಮನೆಗೆ ಹೋಗುವ ಹುಡುಗಿಯರ ಸಂಬಳ, ಪೆಟ್ರೋಲ್, ಬಸ್ ಚಾರ್ಜ್ (ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರದ್ದು ಉಳಿಯಿತು), ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲದಾಗ ಹೊರಗಿನ ಮಾತ್ರೆ. ತಲೆಗೆ 900 ರೂಪಾಯಿ ಆಸುಪಾಸು. ಸುಮಾರು 140 ಜನ, ವರ್ಷಕ್ಕೆ 15 ಲಕ್ಷ.

ಹೋಗಿ ಕೂತದ್ದು ಅಕೌಂಟ್ಸ್ ಮ್ಯಾನೇಜರ್‌ಗಳ ಎದುರು, ಅದೂ ನಮ್ಮ ಸುತ್ತಮುತ್ತಲಿನ ಮಧ್ಯಮ ಕಂಪನಿಗಳಲ್ಲಿ. 5 ಕೋಟಿ ಲಾಭ ಬಂದರೂ ಸಾಕು, ಲಾಭದ 2% ಸಿಎಸ್ಆರ್‌ಗೆ ಕೊಡಬೇಕು ಅನ್ನುವ ಕಾನೂನು ಅವರಿಗೂ ಬರುತ್ತೆ, ಅಲ್ವಾ? ಅವರ ಹತ್ತಿರ ಕೇಳಲು ಹೋಗುವವರೇ ಕಡಿಮೆ. ಯಾವ ಪಟ್ಟಿ ಹಿಡಿದು ಹುಡುಕಿದೆ ಅನ್ನುವುದು ಮಾತ್ರ ಹೇಳಲ್ಲ, ನಾನೂ ಇನ್ನೂ ಅಲ್ಲೇ ಕೇಳಬೇಕು.

ಸಂಬಳದ ವಿಷಯಕ್ಕೆ ಜಗಳ ಗ್ಯಾರಂಟಿ. ಒಬ್ಬ ಆಡಿಟರ್ ಇದೆಲ್ಲ ಆಡಳಿತ ವೆಚ್ಚ, ಸಿಎಸ್ಆರ್ ಖರ್ಚಿನ 5% ಮೀರುವಂತಿಲ್ಲ ಅಂತ ಹಟ ಹಿಡಿದರು. ಆ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ನಮ್ಮ ಫೀಲ್ಡ್ ಸಂಬಳ ಯೋಜನೆಯ ಖರ್ಚೇ. ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಕೊಟ್ಟ ಸ್ಪಷ್ಟನೆಯನ್ನು ಪ್ರಿಂಟ್ ತೆಗೆದು ಮುಂದಿಟ್ಟ ಮೇಲೆ ಸುಮ್ಮನಾದರು. ನೀವೂ ಚೀಲದಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಒಂದೇ ವರ್ಷದ ಯೋಜನೆ ಅಂತಲೂ ಬರೆಯಬೇಡಿ. ಮುಂದುವರಿಯುವ ಯೋಜನೆ ಅಂತ ಆದರೆ, ಮಾರ್ಚ್‌ಗೆ ಉಳಿದ ಹಣವನ್ನು ಕಂಪನಿ ಬೇರೆ ಖಾತೆಯಲ್ಲಿ ಇಟ್ಟು ನಿಮಗೇ ಕೊಡಬಹುದು.

ತಿಂಗಳ ವರದಿಯೂ ಅಷ್ಟೇ, ಒಂದೇ ಹಾಳೆ. ಮಾತ್ರೆ ತಪ್ಪಿಸದವರು ಎಷ್ಟು, ಕೂಲಿಗೆ ವಾಪಸ್ ಹೋದವರು ಎಷ್ಟು. ಹೆಸರಿಲ್ಲ, ಫೋಟೋ ಇಲ್ಲ. ಮೊದಲ ವರ್ಷ ಐವತ್ತರ ಹತ್ತಿರ ಜನ ಕೆಲಸಕ್ಕೆ ಹೋದರು. ರಿನ್ಯೂವಲ್ ಆದದ್ದು ಅದನ್ನು ನೋಡಿಯೇ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಮಾನಸಿಕ ಕಾಯಿಲೆ 2016ರ ವಿಕಲಚೇತನರ ಕಾಯ್ದೆಯಲ್ಲೂ ಬರುತ್ತೆ, ಹಾಗಾಗಿ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿ ಜೀವನೋಪಾಯದ ಹೆಸರಲ್ಲಿ ಅಡಿಕೆ ಹಾಳೆ ತಟ್ಟೆಯ ಮೆಷಿನ್‌ಗೆ ಹಣ ತಂದೆ. ಹಣ ಸುಲಭವಾಗಿ ಬಂತು. ತಟ್ಟೆ ಮಾತ್ರ ಮದುವೆ ಸೀಸನ್ ಬಿಟ್ಟರೆ ಹೋಗಲಿಲ್ಲ, ಕರೆಂಟಿನ ಕಾಟ ಬೇರೆ. ಹತ್ತಿರ ಹತ್ತಿರ ಎರಡು ಲಕ್ಷ ಮುಳುಗಿತು. ಮೆಷಿನ್ ಚೆನ್ನಾಗಿಯೇ ಇದೆ, ಯಾವ ಸಂಸ್ಥೆಗಾದರೂ ಬೇಕಿದ್ದರೆ ಕಂಪನಿಯನ್ನು ಕೇಳಿ ಹಾಗೇ ಕೊಡಿಸುತ್ತೇನೆ, ಲಾರಿ ಬಾಡಿಗೆ ನಿಮ್ಮದು.