ಕನ್ನಡ ವಿಕಿಪೀಡಿಯಕ್ಕೆ ಮೊದಲ ಲೇಖನ: ಅಳಿಸಿಹೋಗದಂತೆ ಬರೆಯುವುದು

ಖಾತೆ ತೆರೆದ ಕೂಡಲೇ ಹೊಸ ಲೇಖನಕ್ಕೆ ಕೈಹಾಕಬೇಡಿ. ಈಗಾಗಲೇ ಇರುವ ಪುಟಗಳ ಕಾಗುಣಿತವನ್ನು ಕೆಲವು ದಿನ ತಿದ್ದಿ, ಕೈ ಪಳಗುತ್ತದೆ.

ಆಮೇಲೆ ನಿಮ್ಮ ಪ್ರಯೋಗಪುಟದಲ್ಲಿ (ನಿಮ್ಮ ಖಾತೆಯಡಿ ಬರೆದು ನೋಡಲು ಇರುವ ಪುಟ) ಕರಡು ಬರೆಯಿರಿ. ವಿಷಯ ನಿಮ್ಮೂರ ಕೆರೆ ಎಂದುಕೊಳ್ಳಿ. ‘ಅತ್ಯಂತ ಸುಂದರ ಕೆರೆ’ ಎಂಬ ಮಾತು ನಿಲ್ಲುವುದಿಲ್ಲ. ಯಾವ ತಾಲ್ಲೂಕು, ಎಷ್ಟು ಎಕರೆ, ಶಾಸನದಲ್ಲಿ ಹೆಸರಿದೆಯೇ ಎಂಬುದು ನಿಲ್ಲುತ್ತದೆ. ಅಜ್ಜ ಹೇಳಿದ್ದು ನಿಜವೇ ಇರಬಹುದು, ಆದರೂ ಅಚ್ಚಾದ ಆಧಾರ ಬೇಕು: ಜಿಲ್ಲಾ ಗ್ಯಾಸೆಟಿಯರ್, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ, ಪತ್ರಿಕಾ ವರದಿ. ವಾಕ್ಯ ಮುಗಿದಲ್ಲೇ ಪುಟಸಂಖ್ಯೆ ಸಮೇತ ಉಲ್ಲೇಖ ಸೇರಿಸಿ. ಕೊನೆಗೆ ಹಾಕೋಣವೆಂದರೆ ಯಾವುದು ಎಲ್ಲಿಯದೆಂಬುದೇ ಮರೆತುಹೋಗುತ್ತದೆ. ಪತ್ರಿಕೆಯ ಸಾಲುಗಳನ್ನು ಹಾಗೇ ಅಂಟಿಸಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಅಳಿಸುತ್ತಾರೆ.

ನಿಮ್ಮ ಬರಹವನ್ನು ಯಾರಾದರೂ ತೆಗೆದರೆ ಮತ್ತೆ ಮತ್ತೆ ಹಾಕಬೇಡಿ. ಪುಟದ ಇತಿಹಾಸದಲ್ಲಿ ಕಾರಣ ನೋಡಿ, ಚರ್ಚೆಪುಟದಲ್ಲಿ ಕೇಳಿ, ನಾಲ್ಕು ಟಿಲ್ಡೆ (~~~~) ಒತ್ತಿ ಸಹಿ ಹಾಕಿ.