ಬೋಯಿಂಗ್ 737: ಕಣ್ಣಳತೆಯಲ್ಲೇ ಮಾದರಿ ಗುರುತಿಸುವ ಬಗೆ

ಬೋಯಿಂಗ್ 737 ಮೊದಲು ಹಾರಿದ್ದು 1967ರ ಏಪ್ರಿಲ್ 9ರಂದು. ಇಂದಿಗೂ ಅದೇ ಹೆಸರಿನ ವಿಮಾನ ತಯಾರಾಗುತ್ತಿದೆ. ಒಡಲಿನ ಅಗಲ ಅಂದಿನಷ್ಟೇ, 3.76 ಮೀಟರ್. ಸಾಲಿಗೆ ಆರು ಸೀಟು, ನಡುವೆ ಒಂದೇ ದಾರಿ, ಅದೇ ಚೂಪು ಮೂತಿ. ಆದರೆ ಈ ಒಂದು ಹೆಸರಿನ ಅಡಿಯಲ್ಲಿ ನಾಲ್ಕು ತಲೆಮಾರುಗಳಿವೆ: ಮೂಲ ತಲೆಮಾರಿನ 100 ಮತ್ತು 200, ಕ್ಲಾಸಿಕ್ ಎನಿಸಿಕೊಂಡ 300, 400, 500, ನೆಕ್ಸ್ಟ್ ಜನರೇಷನ್ ಅಥವಾ ಎನ್‌ಜಿ ಎಂಬ 600, 700, 800, 900 ಮತ್ತು 900ಇಆರ್, ಕೊನೆಗೆ ಮ್ಯಾಕ್ಸ್ 7, 8, 9, 10. ನಿಂತ ವಿಮಾನ ನೋಡಿ ಇವುಗಳಲ್ಲಿ ಯಾವುದು ಎಂದು ಹೇಳುವುದು ಕಷ್ಟವೇನಲ್ಲ, ನೋಡುವ ಕ್ರಮ ಸರಿಯಿರಬೇಕು ಅಷ್ಟೆ.

ಮೊದಲು ಎಂಜಿನ್, ಆಮೇಲೆ ರೆಕ್ಕೆಯ ತುದಿ, ಆಮೇಲೆ ರೆಕ್ಕೆಯ ಮೇಲಿನ ತುರ್ತು ಬಾಗಿಲು, ಕಟ್ಟಕಡೆಗೆ ಉದ್ದ. ಹೆಚ್ಚಿನವರು ಉದ್ದದಿಂದ ಶುರುಮಾಡಿ ಎಡವುತ್ತಾರೆ. ಓರೆಯಾಗಿ ನಿಂತ ವಿಮಾನವನ್ನು ದೂರದಿಂದ ಜೂಮ್ ಲೆನ್ಸ್‌ನಲ್ಲಿ ನೋಡಿದರೆ ಒಡಲು ಕುಗ್ಗಿದಂತೆ ಕಾಣುತ್ತದೆ, 39 ಮೀಟರಿನದು 33ರಂತೆ ತೋರುತ್ತದೆ. ಎಂಜಿನ್ ಮಾತ್ರ ಯಾವ ಕೋನದಿಂದಲೂ ಮೋಸ ಮಾಡುವುದಿಲ್ಲ.

ಇದು 737 ಹೌದೇ?

ಏರ್‌ಬಸ್ ಎ320 ಜೊತೆಗಿನ ಗೊಂದಲ ಮೊದಲು ತೀರಲಿ. ವಿಮಾನ ಮೇಲೇರುವಾಗ ಹೊಟ್ಟೆಯತ್ತ ನೋಡಿ. 737ರ ಮುಖ್ಯ ಚಕ್ರಗಳಿಗೆ ಪೂರ್ತಿ ಮುಚ್ಚುವ ಬಾಗಿಲಿಲ್ಲ. ಒಳಗೆ ಮಡಚಿಕೊಂಡ ಮೇಲೂ ಹೊರಗಿನ ಎರಡು ಚಕ್ರಗಳು ಕಪ್ಪು ವೃತ್ತಗಳಾಗಿ ಕಾಣುತ್ತಲೇ ಇರುತ್ತವೆ. ಎ320ರಲ್ಲಿ ಬಾಗಿಲು ಮುಚ್ಚಿ ಹೊಟ್ಟೆ ನುಣುಪಾಗುತ್ತದೆ. ನೆಲದ ಮೇಲಿದ್ದರೆ ಬಾಲದ ರೆಕ್ಕೆಯ ಬುಡ ನೋಡಿ. 737-300ರಿಂದ ಈಚಿನ ಎಲ್ಲ ಮಾದರಿಗಳಲ್ಲೂ ಅದು ಒಮ್ಮೆಲೇ ಮೇಲೇಳದೆ, ಮುಂದೆ ಇಳಿಜಾರಾಗಿ ಚಾಚಿದ ತ್ರಿಕೋನದೊಂದಿಗೆ ಶುರುವಾಗುತ್ತದೆ. ಎ320ರಲ್ಲಿ ಈ ಮುರಿವು ಇಲ್ಲ, ಮೂತಿಯೂ ದುಂಡಗೆ.

ಎಂಜಿನ್: ಅರ್ಧ ಉತ್ತರ ಇಲ್ಲೇ ಇದೆ

ಈ ವಿಮಾನದ ಇಡೀ ಇತಿಹಾಸ ಅದರ ಗಿಡ್ಡ ಕಾಲುಗಳಲ್ಲಿ, ಅಂದರೆ ಚಕ್ರ ಹೊತ್ತ ಕಂಬಗಳಲ್ಲಿ ಇದೆ. ಸಾಮಾನು ಏರಿಸಲು ಯಂತ್ರವಿಲ್ಲದ, ಹೊರಗಿನ ಏಣಿಯಿಲ್ಲದ ಸಣ್ಣ ನಿಲ್ದಾಣಗಳಲ್ಲೂ ಕೆಲಸ ನಡೆಯಲಿ ಎಂದು ಒಡಲನ್ನು ನೆಲಕ್ಕೆ ಹತ್ತಿರ ಇಟ್ಟರು. ಮೊದಲ ಕರಡಿನಲ್ಲಿ ಎಂಜಿನ್‌ಗಳು ಬಾಲದ ಪಕ್ಕದಲ್ಲಿದ್ದವು. ಅವುಗಳನ್ನು ರೆಕ್ಕೆಯ ಕೆಳಗೆ ತಂದಿದ್ದು ಎಂಜಿನಿಯರ್ ಜೋ ಸಟರ್ ಅವರ ಆಲೋಚನೆ. ಅಂದಿನ ಸಪೂರ ಎಂಜಿನ್‌ಗೆ ಆ ಜಾಗ ಸಾಕಾಗಿತ್ತು. ಮುಂದೆ ಇಂಧನ ಉಳಿಸಲು ಎಂಜಿನ್‌ಗಳು ದಪ್ಪವಾಗುತ್ತ ಹೋದವು, ಕಾಲು ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. ಪ್ರತಿ ತಲೆಮಾರಿನಲ್ಲೂ ಈ ಇಕ್ಕಟ್ಟನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಿದರು. ಆ ಪರಿಹಾರವೇ ಇಂದು ನಮಗೆ ಗುರುತು.

ಸಿಗಾರ್‌ನಂತೆ ಉದ್ದ, ಸಪೂರ, ರೆಕ್ಕೆಗೆ ನೇರವಾಗಿ ಅಂಟಿಕೊಂಡ, ರೆಕ್ಕೆಯ ಹಿಂದಕ್ಕೂ ಚಾಚಿದ ಎಂಜಿನ್ ಕಂಡರೆ ಅದು 100 ಅಥವಾ 200. ಎಂಜಿನ್‌ನ ಹೆಸರು ಪ್ರಾಟ್ ಅಂಡ್ ವಿಟ್ನಿ ಜೆಟಿ8ಡಿ. 100 ಮಾದರಿ ತಯಾರಾಗಿದ್ದು ಬರೀ 30, ಮೊದಲ ಗ್ರಾಹಕ ಲುಫ್ತಾನ್ಸಾ. ಹಾಗಾಗಿ ಹಾರುತ್ತಿರುವುದನ್ನು ಕಂಡರೆ 200 ಎಂದೇ ಬರೆದುಕೊಳ್ಳಿ. 28.65 ಮೀಟರಿನ 100ಕ್ಕೂ 30.53 ಮೀಟರಿನ 200ಕ್ಕೂ ವ್ಯತ್ಯಾಸ ಎರಡು ಮೀಟರಿಗೂ ಕಡಿಮೆ. 200ರ ಮೂತಿಯ ಚಕ್ರದ ಸುತ್ತ ಹಲಗೆಯಂಥ ತಟ್ಟೆ, ಎಂಜಿನ್ ಬಾಯಿಯ ಕೆಳಗೆ ಮುಂದೆ ಚಾಚಿದ ಸಣ್ಣ ಕೊಳವೆ ಇದ್ದರೆ ಅದು ಜಲ್ಲಿಕಲ್ಲಿನ ರನ್‌ವೇಗೆ ಸಜ್ಜಾದ ವಿಮಾನ. ಚಕ್ರ ಸಿಡಿಸುವ ಕಲ್ಲು ಒಡಲಿಗೆ ಬಡಿಯದಂತೆ ತಟ್ಟೆ ತಡೆಯುತ್ತದೆ. ಕೊಳವೆ ಗಾಳಿ ಊದಿ, ನೆಲದಿಂದ ಎದ್ದ ಸುಳಿ ಕಲ್ಲನ್ನು ಎಂಜಿನ್ ಒಳಕ್ಕೆ ಎಳೆಯದಂತೆ ನೋಡಿಕೊಳ್ಳುತ್ತದೆ. ಈ ಸಲಕರಣೆ ಮುಂದಿನ 737ಗಳಲ್ಲಿ ಬರಲೇ ಇಲ್ಲ.

1984ರ ಫೆಬ್ರವರಿಯಲ್ಲಿ ಹಾರಿದ 300ಕ್ಕೆ ಸಿಎಫ್ಎಂ56-3 ಎಂಜಿನ್ ಬಂತು. ಎಂಜಿನ್ ಬಾಯಿಯಲ್ಲಿ ತಿರುಗುವ ಫ್ಯಾನ್‌ನ ವ್ಯಾಸ 60 ಇಂಚು, ಅಂದರೆ 1.52 ಮೀಟರ್. ರೆಕ್ಕೆಯ ಕೆಳಗೆ ಹಿಡಿಸಲಿಲ್ಲ. ಅದಕ್ಕೇ ಎಂಜಿನ್ನನ್ನು ರೆಕ್ಕೆಯ ಮುಂದಕ್ಕೆ ತಳ್ಳಿದರು. ಸಾಮಾನ್ಯವಾಗಿ ತಳದಲ್ಲಿರುವ ಗೇರ್‌ಬಾಕ್ಸ್ ಮತ್ತು ಪಂಪುಗಳನ್ನು ಪಕ್ಕಕ್ಕೆ ಸರಿಸಿದರು. ಫಲವಾಗಿ ಎಂಜಿನ್‌ನ ಹೊರಕವಚದ ತಳ ಚಪ್ಪಟೆಯಾಯಿತು, ಪಕ್ಕಗಳು ಉಬ್ಬಿದವು. ಎದುರಿನಿಂದ ನೋಡಿದರೆ ಬಾಯಿ ದುಂಡಗಿಲ್ಲ, ನೆಲಕ್ಕೆ ಒತ್ತಿಟ್ಟ ಚೆಂಡಿನಂತಿದೆ. ಎನ್‌ಜಿಯ ಸಿಎಫ್ಎಂ56-7ಬಿ ಎಂಜಿನ್‌ನಲ್ಲೂ (61 ಇಂಚು) ತಳ ಚಪ್ಪಟೆಯೇ, ಆದರೆ ಕ್ಲಾಸಿಕ್‌ನಷ್ಟು ಎದ್ದು ಕಾಣುವುದಿಲ್ಲ. ಹಾಗಾಗಿ ಚಪ್ಪಟೆ ತಳ ಕಂಡರೆ "ಕ್ಲಾಸಿಕ್ ಅಥವಾ ಎನ್‌ಜಿ" ಎಂದಷ್ಟೇ ಗುರುತು ಹಾಕಿ ಮುಂದೆ ಹೋಗಿ.

ಕವಚದ ಹಿಂಬದಿಯ ಅಂಚು ಗರಗಸದ ಹಲ್ಲಿನಂತಿದ್ದರೆ ಮ್ಯಾಕ್ಸ್. ಇದರಲ್ಲಿ ಎರಡು ಮಾತಿಲ್ಲ. ಶೆವ್ರಾನ್ ಎನ್ನುವ ಈ ಹಲ್ಲುಗಳು ಎಂಜಿನ್‌ನ ಸದ್ದು ತಗ್ಗಿಸಲೆಂದು ಇರುವವು. ಮ್ಯಾಕ್ಸ್‌ನಲ್ಲಿರುವ ಲೀಪ್ ಬಳಗದ ಎಂಜಿನ್ ಎ320ರ ಹೊಸ ಮಾದರಿಯಾದ ಏರ್‌ಬಸ್ ಎ320 ನಿಯೋದಲ್ಲೂ ಇರಬಹುದು, ಆದರೆ ಅಲ್ಲಿ ಅದಕ್ಕೆ ಹಲ್ಲಿಲ್ಲ. ಮ್ಯಾಕ್ಸ್‌ನ ಲೀಪ್-1ಬಿ ಫ್ಯಾನ್ 69.4 ಇಂಚು, 1.76 ಮೀಟರ್. ಅದನ್ನು ಇನ್ನೂ ಮುಂದಕ್ಕೆ, ಇನ್ನೂ ಮೇಲಕ್ಕೆ ಕೂರಿಸಿ, ಮೂತಿಯ ಕಾಲನ್ನು 8 ಇಂಚು ಎತ್ತರಿಸಿದರು. ಪಕ್ಕದಿಂದ ನೋಡಿದಾಗ ಕವಚದ ನೆತ್ತಿ ರೆಕ್ಕೆಯ ಮುಂದೆ ಮೇಲಕ್ಕೆದ್ದು ನಿಂತಿರುತ್ತದೆ.

ಈ ಜಾಗ ಬದಲಾವಣೆಯನ್ನು ಬರೀ ಗುರುತಿನ ಮಟ್ಟಿಗೆ ನೋಡಿ ಬಿಡುವಂತಿಲ್ಲ. ಮೂತಿ ಹೆಚ್ಚು ಮೇಲೆದ್ದಾಗ ಮುಂದಿರುವ ದೊಡ್ಡ ಕವಚವೇ ಗಾಳಿಯಲ್ಲಿ ಎತ್ತುವ ಬಲ ಹುಟ್ಟಿಸುತ್ತದೆ. ಅದನ್ನು ಸರಿತೂಗಿಸಲು ಹಾಕಿದ ಎಂಕ್ಯಾಸ್ ಎಂಬ ತಂತ್ರಾಂಶ, ಮೂತಿ ಎಷ್ಟು ಮೇಲೆದ್ದಿದೆ ಎಂದು ತಿಳಿಸುವ ಒಂದೇ ಸಂವೇದಕವನ್ನು ನಂಬಿತ್ತು. ಸಂವೇದಕ ತಪ್ಪು ಹೇಳಿದಾಗ ಅದು ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. 2018ರ ಅಕ್ಟೋಬರ್ 29 ಮತ್ತು 2019ರ ಮಾರ್ಚ್ 10ರ ಎರಡು ಅಪಘಾತಗಳಲ್ಲಿ 346 ಜನ ಸತ್ತರು, ಜಗತ್ತಿನಾದ್ಯಂತ ಮ್ಯಾಕ್ಸ್ ಹಾರಾಟ ನಿಂತಿತು.

ರೆಕ್ಕೆಯ ತುದಿ: ಇಲ್ಲಿ ಎಚ್ಚರ ಬೇಕು

ತುದಿ ಬೋಳಾಗಿದ್ದರೆ ಅದರಿಂದ ಏನೂ ತೀರ್ಮಾನವಾಗದು. ಮೇಲಕ್ಕೆ ಬಾಗಿದ ಸುಮಾರು ಎರಡೂವರೆ ಮೀಟರಿನ ವಿಂಗ್‌ಲೆಟ್ 2001ರಿಂದ 800ರಲ್ಲಿ ಕಾಣತೊಡಗಿತು. ಆಮೇಲೆ ಹಳೆಯ 300ಗಳಿಗೂ ಕೂಡಿಸಿದರು. "ವಿಂಗ್‌ಲೆಟ್ ಇದೆ, ಆದ್ದರಿಂದ ಎನ್‌ಜಿ" ಎಂಬ ಲೆಕ್ಕ ಹೀಗೆಯೇ ಕೈಕೊಡುತ್ತದೆ.

ಅದಕ್ಕಿಂತ ದೊಡ್ಡ ಗೊಂದಲ ಕವಲು ತುದಿಯದು. ಮೇಲೊಂದು, ಕೆಳಗೊಂದು ಕವಲು ಕಂಡ ಕೂಡಲೇ ಮ್ಯಾಕ್ಸ್ ಎನ್ನಬೇಡಿ. 2014ರಿಂದ ಎನ್‌ಜಿ ವಿಮಾನಗಳಿಗೂ ಸ್ಪ್ಲಿಟ್ ಸಿಮಿಟರ್ ಎಂಬ ಕವಲು ತುದಿ ಬಂದಿದೆ. ಅದರಲ್ಲಿ ಹಳೆಯ ಬಾಗಿದ ವಿಂಗ್‌ಲೆಟ್ ಹಾಗೆಯೇ ಇದ್ದು, ಕೆಳಗೊಂದು ಸಣ್ಣ ತುಂಡನ್ನು ಆಮೇಲೆ ಜೋಡಿಸಿದ್ದು ಕಾಣುತ್ತದೆ, ಮೇಲಿನ ತುದಿ ಕತ್ತಿಯಂತೆ ಹಿಂದಕ್ಕೆ ಬಾಗಿರುತ್ತದೆ. ಮ್ಯಾಕ್ಸ್‌ನಲ್ಲಿ ಎರಡೂ ಕವಲು ಒಂದೇ ಬುಡದಿಂದ ಒಡೆದಂತಿರುತ್ತವೆ, ಕೆಳಗಿನದೂ ದೊಡ್ಡದೇ. ಅನುಮಾನ ಬಂದರೆ ಎಂಜಿನ್‌ನ ಗರಗಸಕ್ಕೆ ಮರಳಿ. 800 ಮತ್ತು ಮ್ಯಾಕ್ಸ್ 8 ಎರಡೂ 39.5 ಮೀಟರ್ ಆದ್ದರಿಂದ ಉದ್ದ ಇಲ್ಲಿ ಉಪಯೋಗಕ್ಕಿಲ್ಲ.

ಕ್ಲಾಸಿಕ್ಕೋ ಎನ್‌ಜಿಯೋ ಎಂಬ ಬಾಕಿ ಪ್ರಶ್ನೆಗೆ ಉತ್ತರ ರೆಕ್ಕೆಯಲ್ಲಿದೆ. ಎನ್‌ಜಿಗೆ ಹೊಸ ರೆಕ್ಕೆಯನ್ನೇ ಕೊಟ್ಟರು. ಕ್ಲಾಸಿಕ್‌ನಲ್ಲಿ ತುದಿಯಿಂದ ತುದಿಗೆ 28.9 ಮೀಟರ್, ಎನ್‌ಜಿಯಲ್ಲಿ 34.3, ವಿಂಗ್‌ಲೆಟ್ ಸೇರಿದರೆ 35.8. ಹಾಗಾಗಿ 700ರ ರೆಕ್ಕೆ ಅದರ 33.6 ಮೀಟರ್ ಒಡಲಿಗಿಂತಲೂ ಅಗಲ. ಬಹುಪಾಲು ಅಷ್ಟೇ ಉದ್ದದ 300ರಲ್ಲಿ ಒಡಲೇ ಉದ್ದ. ತಲೆಯ ಮೇಲೆ ಹಾದುಹೋಗುವಾಗ ಈ ಹೋಲಿಕೆ ಸುಲಭ. ಇಳಿಯುವ ವಿಮಾನವನ್ನು ಹಿಂದಿನಿಂದ ನೋಡಿದರೆ ಇನ್ನೂ ಖಚಿತ ಗುರುತು ಸಿಗುತ್ತದೆ: ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಚಾಚುವ ಫ್ಲ್ಯಾಪ್ ಎಂಬ ಹಲಗೆ ಕ್ಲಾಸಿಕ್‌ನಲ್ಲಿ ಮೂರು ಪದರವಾಗಿ ಬಿಚ್ಚಿಕೊಳ್ಳುತ್ತದೆ, ಎನ್‌ಜಿಯದು ಎರಡು.

ತುರ್ತು ಬಾಗಿಲು ಎಣಿಸಿ

ತಲೆಮಾರು ಗೊತ್ತಾದ ಮೇಲೆ ಒಂದು ಪಕ್ಕದಲ್ಲಿ ರೆಕ್ಕೆಯ ಮೇಲೆ ಎಷ್ಟು ಬಾಗಿಲಿವೆ ಎಂದು ಎಣಿಸಿ. ಕ್ಲಾಸಿಕ್‌ನಲ್ಲಿ ಎರಡಿದ್ದರೆ 400. ಒಂದೇ ಇದ್ದರೆ 300 ಅಥವಾ 500. ಉದ್ದ ನೋಡುವ ಗಳಿಗೆ ಈಗ ಬಂತು: 300 ಎಂದರೆ 33.4 ಮೀಟರ್, 500 ಎಂದರೆ 31. ಎನ್‌ಜಿಯಲ್ಲಿ ಒಂದೇ ಇದ್ದರೆ 700, ತೀರ ಮೋಟಾಗಿ ಕಂಡರೆ 600. ಆದರೆ 600 ತಯಾರಾಗಿದ್ದು 69 ಮಾತ್ರ, ಸಂಶಯವಿದ್ದರೆ 700 ಎನ್ನುವುದೇ ಕ್ಷೇಮ. ಎನ್‌ಜಿಯಲ್ಲಿ ಎರಡಿದ್ದರೆ ಬಹುಮಟ್ಟಿಗೆ 800. ಎನ್‌ಜಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು ಅದೇ. ಮ್ಯಾಕ್ಸ್‌ನಲ್ಲಿ ಈ ಎಣಿಕೆ ಸಹಾಯಕ್ಕೆ ಬಾರದು, 35.6 ಮೀಟರಿನ ಮ್ಯಾಕ್ಸ್ 7ಕ್ಕೂ ಎರಡೇ.

ಇನ್ನು ರೆಕ್ಕೆಗೂ ಹಿಂಬಾಗಿಲಿಗೂ ನಡುವೆ ಮತ್ತೊಂದು ಬಾಗಿಲಿನ ಗೆರೆ ಇದೆಯೇ ನೋಡಿ. ಬಾಗಿಲುಗಳ ಸಂಖ್ಯೆಯೇ ಎಷ್ಟು ಜನ ಕೂರಬಹುದು ಎಂದು ನಿರ್ಧರಿಸುತ್ತದೆ, ಏಕೆಂದರೆ ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕು. 42.1 ಮೀಟರಿನ ಮೊದಲ 900ಕ್ಕೆ 800ರಷ್ಟೇ ಬಾಗಿಲಿದ್ದವು. ಒಡಲು ಬೆಳೆದರೂ ಸೀಟಿನ ಮಿತಿ 189 ದಾಟಲಿಲ್ಲ, 52 ತಯಾರಾಗುವಷ್ಟರಲ್ಲಿ ನಿಂತುಹೋಯಿತು. 900ಇಆರ್‌ನಲ್ಲಿ ರೆಕ್ಕೆಯ ಹಿಂದೆ ಪಕ್ಕಕ್ಕೊಂದು ಬಾಗಿಲು ಸೇರಿಸಿ ಮಿತಿಯನ್ನು 220ಕ್ಕೆ ಏರಿಸಿದರು. ಹಾಗಾಗಿ ಎನ್‌ಜಿಯಲ್ಲಿ ಆ ಗೆರೆ ಕಂಡರೆ 900ಇಆರ್.

ಮ್ಯಾಕ್ಸ್‌ನಲ್ಲಿ ಆ ಗೆರೆ ಇರುವುದು 9, 10 ಮತ್ತು 8-200ರಲ್ಲಿ. ಈ 8-200 ಎಂದರೆ ಹೆಚ್ಚು ಸೀಟು ತುಂಬಲೆಂದು ಮಾಡಿದ ಮ್ಯಾಕ್ಸ್ 8, ಉದ್ದ 39.5 ಮೀಟರೇ. ಮ್ಯಾಕ್ಸ್ 9ರ ಉದ್ದ 42.2, ಮ್ಯಾಕ್ಸ್ 10ರದು 43.8. 10ರ ಬಾಲ ಹಿಂದಕ್ಕೆ ಇಷ್ಟು ಚಾಚಿಕೊಂಡಿರುವುದರಿಂದ ಮೇಲೇರುವಾಗ ನೆಲಕ್ಕೆ ತಾಗುವ ಭಯ. ಅದಕ್ಕೆಂದೇ ಅದರ ಮುಖ್ಯ ಕಾಲು ರನ್‌ವೇ ಬಿಡುವ ಹೊತ್ತಿಗೆ 9.5 ಇಂಚು ಉದ್ದವಾಗಿ, ಮಡಚುವಾಗ ಮತ್ತೆ ಕುಗ್ಗಿ ಅದೇ ಹಳೆಯ ಗೂಡಿನಲ್ಲಿ ಕೂರುತ್ತದೆ. ಇಡೀ 737 ಬಳಗದಲ್ಲಿ ಇದಕ್ಕಿಂತ ಜಾಣ ಯಂತ್ರಭಾಗ ಇನ್ನೊಂದಿಲ್ಲ.

ಗೆರೆ ಇದ್ದ ಮಾತ್ರಕ್ಕೆ ಅಲ್ಲಿ ತೆರೆಯುವ ಬಾಗಿಲೇ ಇರಬೇಕೆಂದಿಲ್ಲ. ಸೀಟು ಕಡಿಮೆ ಹಾಕಿದ ಕಂಪನಿಗಳು ಆ ಜಾಗವನ್ನು ಹಲಗೆಯಿಂದ ಮುಚ್ಚಿಸಿಕೊಳ್ಳುತ್ತವೆ. ಒಳಗೆ ಕೂತವರಿಗೆ ಅದು ಮಾಮೂಲಿ ಕಿಟಕಿ ಮತ್ತು ಗೋಡೆ, ಹೊರಗಿನವರಿಗೆ ಮಾತ್ರ ಬಾಗಿಲಿನ ಆಕಾರ ಕಾಣುತ್ತದೆ. 2024ರ ಜನವರಿ 5ರಂದು ಹಾರಾಟದ ನಡುವೆ ಒಂದು ಮ್ಯಾಕ್ಸ್ 9ರಿಂದ ಕಳಚಿ ಹೋದದ್ದು ಇಂಥ ಹಲಗೆಯೇ. ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟ್‌ಗಳನ್ನು ಹಾಕಿರಲಿಲ್ಲ.

ಕಾಗದದ ಗುರುತು

ಕಣ್ಣಿನ ತೀರ್ಮಾನವನ್ನು ಕೊನೆಗೆ ದಾಖಲೆಯ ಜೊತೆ ತಾಳೆ ನೋಡಿ. ವಿಮಾನಗಳ ಜಾಡು ತೋರಿಸುವ ಆ್ಯಪ್‌ಗಳಲ್ಲಿ ಬಿ738 ಎಂದರೆ 800, ಬಿ38ಎಂ ಎಂದರೆ ಮ್ಯಾಕ್ಸ್ 8, ಬಿ39ಎಂ ಎಂದರೆ ಮ್ಯಾಕ್ಸ್ 9. ಬಿ737 ಎಂಬ ಸಂಕೇತ ಇಡೀ ಬಳಗದ ಹೆಸರಲ್ಲ, 700 ಮಾದರಿಗೆ ಮಾತ್ರ ಸಲ್ಲುವುದು. ಇಲ್ಲಿ ಅನುಭವಸ್ಥರೂ ತಪ್ಪುತ್ತಾರೆ.

ನೋಂದಣಿ ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. ಮ್ಯಾಕ್ಸ್ ಎಂಬುದು ಮಾರಾಟದ ಹೆಸರು, ಅಧಿಕೃತ ಪತ್ರದಲ್ಲಿ ಇರುವುದು 737-8 ಎಂದಷ್ಟೆ. 737-8ಎಚ್4 ಅಥವಾ 737-8ಎಎಸ್ ಎಂದಿದ್ದರೆ ಅದು ಮ್ಯಾಕ್ಸ್ ಅಲ್ಲ, 800. ಎಂಟರ ನಂತರದ ಎರಡು ಅಕ್ಷರಗಳು ವಿಮಾನವನ್ನು ಮೊದಲು ಕೊಂಡ ಕಂಪನಿಯ ಸಂಕೇತ: ಎಚ್4 ಎಂದರೆ ಸೌತ್‌ವೆಸ್ಟ್, ಎಎಸ್ ಎಂದರೆ ರಯಾನ್‌ಏರ್. ವಿಮಾನ ಎಷ್ಟು ಕೈ ಬದಲಾದರೂ ಈ ಸಂಕೇತ ಬದಲಾಗುವುದಿಲ್ಲ, ಆದ್ದರಿಂದ ಈಗಿನ ಬಣ್ಣ ಯಾರದೇ ಇರಲಿ, ಮೊದಲ ಒಡೆಯ ಯಾರೆಂದು ಅದರಲ್ಲೇ ಓದಬಹುದು.

ಒಳಗೆ ಕೂತಿದ್ದರೆ ಮುಂದಿನ ಸೀಟಿನ ಜೇಬಿನಲ್ಲಿರುವ ಸುರಕ್ಷತಾ ಕಾರ್ಡಿನಲ್ಲಿ ಮಾದರಿಯ ಹೆಸರು ಅಚ್ಚಾಗಿರುತ್ತದೆ. ಛಾವಣಿಯ ನೀಲಿ ಬೆಳಕು, ಬಾಗಿದ ಸಾಮಾನಿನ ಗೂಡು ನೋಡಿ ಹೊಸ ಮ್ಯಾಕ್ಸ್ ಎಂದುಕೊಳ್ಳಬೇಡಿ. ಸ್ಕೈ ಇಂಟೀರಿಯರ್ ಎಂಬ ಆ ಒಳಾಂಗಣ 2010ರಿಂದಲೇ ಎನ್‌ಜಿಗಳಲ್ಲಿ ಇದೆ.